ಮಕ್ಕಳ ಹಲ್ಲಿನ ಹುಳುಕು: ಅಪಾಯವನ್ನು ಮೊದಲೇ ಅಳೆಯುವ ಬಗೆ

ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ಹಿರಿಯರು ಮುಪ್ಪಿನ ಪಾಡನ್ನು ನೆನೆದು ಹೇಳಿದರು. ಇಂದು ಆ ಗಾದೆ ಬಾಲಕರಿಗೂ ಸಲ್ಲುವಂತಾಗಿದೆ. ಹಾವೇರಿಯಾಗಲಿ, ರಾಣೆಬೆನ್ನೂರಾಗಲಿ, ಬ್ಯಾಡಗಿಯಾಗಲಿ, ಯಾವುದಾದರೂ ಶಾಲೆಯ ಒಂದನೆಯ ಇಯತ್ತೆಯ ಮಕ್ಕಳು ನಗುವಾಗ ಸ್ವಲ್ಪ ಗಮನವಿಟ್ಟು ನೋಡಿದರೆ, ಕರಗಿ ಮೊಂಡಾದ ಮುಂದಿನ ಹಲ್ಲುಗಳೂ ಕಪ್ಪುಗಟ್ಟಿದ ದವಡೆ ಹಲ್ಲುಗಳೂ ಕಾಣಸಿಗುವುದು ಅಪರೂಪವಲ್ಲ. ಜೋಳದ ರೊಟ್ಟಿಯ ನಾಡಿನಲ್ಲಿ ಹುಟ್ಟಿದ ಮಗು ರೊಟ್ಟಿಯನ್ನು ಅಗಿಯಲಾರದೆ ಸಾರಿನಲ್ಲಿ ನೆನೆಯಿಸಿ ನುಂಗುವುದೆಂದರೆ ಅದು ಸಣ್ಣ ಸಂಗತಿಯಲ್ಲ.

೨೦೦೨-೦೩ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ೫ ವರ್ಷದ ಮಕ್ಕಳಲ್ಲಿ ಶೇಕಡಾ ೫೧.೯ರಷ್ಟು, ೧೨ ವರ್ಷದವರಲ್ಲಿ ಶೇಕಡಾ ೫೩.೮ರಷ್ಟು, ೧೫ ವರ್ಷದವರಲ್ಲಿ ಶೇಕಡಾ ೬೩.೧ರಷ್ಟು ಮಂದಿಗೆ ದಂತಕ್ಷಯವಿತ್ತು. ಲೋಕದಲ್ಲೆಲ್ಲ ಸುಮಾರು ೫೧ ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿ ಚಿಕಿತ್ಸೆಯಿಲ್ಲದೆ ಉಳಿದಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಇಷ್ಟು ವ್ಯಾಪಕವಾದ ಈ ರೋಗವು ಬಹುಮಟ್ಟಿಗೆ ತಡೆಯಬಹುದಾದುದು. ತಡೆಯುವುದಕ್ಕೆ ಮೊದಲು ಯಾವ ಮಗುವಿಗೆ ಅದು ಬರುವ ಸಂಭವ ಹೆಚ್ಚು ಎಂಬುದನ್ನು ತಿಳಿಯಬೇಕು. ಈ ಲೇಖನದಲ್ಲಿ ಆ ವಿಚಾರವನ್ನು ಆದಷ್ಟು ಸರಳವಾಗಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ಹುಳುಕು ಆಗುವುದು ಹೇಗೆ?

ಹಲ್ಲನ್ನು ಹುಳ ತಿನ್ನುತ್ತದೆಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. 'ಹುಳುಕು' ಎಂಬ ಶಬ್ದವೇ ಅದಕ್ಕೆ ಸಾಕ್ಷಿ. ಬೀಜದ ಹೊಗೆ ಹಿಡಿಸಿ ಹುಳ ಉದುರಿಸುತ್ತೇವೆಂದು ಹೇಳುವವರು ಸಂತೆ ಜಾತ್ರೆಗಳಲ್ಲಿ ಈಗಲೂ ಅಲ್ಲಲ್ಲಿ ಇದ್ದಾರೆ. ಅವರು ತೋರಿಸುವುದು ಸುಟ್ಟ ಬೀಜದ ಚೂರನ್ನೇ ಹೊರತು ಹುಳವನ್ನಲ್ಲ. ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳವಿಲ್ಲ; ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ೧೮೯೦ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಎಂಬ ವಿಜ್ಞಾನಿಯು ಬಾಯೊಳಗಿನ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆ ಪಿಷ್ಟಗಳನ್ನು ಹುಳಿಯಾಗಿಸಿ ಆಮ್ಲವನ್ನುಂಟುಮಾಡುವುದೇ ದಂತಕ್ಷಯದ ಮೂಲವೆಂದು ವಿವರಿಸಿದನು. ೧೯೨೪ರಲ್ಲಿ ಕ್ಲಾರ್ಕ್ ಎಂಬವನು ಹುಳುಕು ಹಲ್ಲಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟನು.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಆಮ್ಲದ ಎದುರಿಗೆ ಅದು ನಿಲ್ಲಲಾರದು. ಮಗು ಒಂದು ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಲೋಳೆಪದರದಲ್ಲಿ ಆಮ್ಲ ಹುಟ್ಟುತ್ತದೆ. ಪಿ.ಎಚ್. ಮಾನವು ಸುಮಾರು ೫.೫ಕ್ಕಿಂತ ಕೆಳಗಿಳಿದಾಗ ಎನಾಮಲಿನಿಂದ ಕ್ಯಾಲ್ಸಿಯಂ, ಫಾಸ್ಫೇಟುಗಳು ಕರಗಿ ಹೊರಬೀಳುತ್ತವೆ. ಜೊಲ್ಲು ಆ ಆಮ್ಲವನ್ನು ತಣಿಸಿ, ಕಳೆದುಹೋದ ಲವಣವನ್ನು ಮತ್ತೆ ಹಲ್ಲಿಗೆ ತುಂಬಲು ಯತ್ನಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಸಮಯ ಬೇಕು. ಹೀಗೆ ಹಲ್ಲಿನ ಮೇಲೆ ದಿನವೂ ಕರಗುವಿಕೆ, ತುಂಬುವಿಕೆಗಳ ಜಮಾಖರ್ಚು ನಡೆದಿರುತ್ತದೆ. ಖರ್ಚು ಜಮೆಯನ್ನು ಮೀರಿದ ಮನೆ ಹೇಗೆ ಸಾಲಕ್ಕೆ ಬೀಳುವುದೋ ಹಾಗೆ ಕರಗುವಿಕೆ ಮೀರಿದ ಹಲ್ಲು ಹುಳುಕಾಗುತ್ತದೆ.

ಇದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ. ಮಗು ಎಷ್ಟು ಸಿಹಿ ತಿಂದಿತು ಎಂಬುದರಷ್ಟೇ, ಅಥವಾ ಅದಕ್ಕಿಂತ ಮಿಗಿಲಾಗಿ, ಎಷ್ಟು ಸಲ ತಿಂದಿತು ಎಂಬುದು ಮುಖ್ಯ. ಪಂಚಮಿ ಹಬ್ಬದಲ್ಲಿ ಊಟದೊಡನೆ ಎರಡು ಉಂಡಿ ತಿಂದ ಮಗುವಿನ ಹಲ್ಲಿಗೆ ಆಮ್ಲದ ಪೆಟ್ಟು ಬೀಳುವುದು ಒಂದು ಸಲ. ಅಷ್ಟೇ ಸಿಹಿಯನ್ನು ಎಂಟು ಪೆಪ್ಪರಮೆಂಟುಗಳ ರೂಪದಲ್ಲಿ ದಿನವೆಲ್ಲ ಚೀಪಿದ ಮಗುವಿಗೆ ಎಂಟು ಸಲ. ಒಂದೊಂದಕ್ಕೆ ಅರ್ಧ ಗಂಟೆಯೆಂದರೂ ನಾಲ್ಕು ಗಂಟೆಯ ಕಾಲ ಹಲ್ಲು ಆಮ್ಲದಲ್ಲಿ ನೆನೆಯಿತೆಂದಾಯಿತು. ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ೧೯೪೦ರ ದಶಕದಲ್ಲಿ ಆರಂಭವಾಗಿ ೧೯೫೪ರಲ್ಲಿ ಪ್ರಕಟವಾದ ಸಂಶೋಧನೆಯು ಇದನ್ನೇ ತೋರಿಸಿತು: ಊಟದ ನಡುನಡುವೆ ಕೊಟ್ಟ, ಹಲ್ಲಿಗೆ ಅಂಟುವ ಮಿಠಾಯಿಯೇ ಹೆಚ್ಚು ಹಾನಿಕಾರಕ. ಆ ಸತ್ಯವನ್ನು ಕಂಡುಕೊಂಡ ಬಗೆಯಾದರೋ ಮೆಚ್ಚತಕ್ಕದ್ದಲ್ಲ. ಒಪ್ಪಿಗೆ ಕೊಡಲಾರದ ಬುದ್ಧಿಮಾಂದ್ಯರ ಹಲ್ಲುಗಳನ್ನು ಅಲ್ಲಿ ಪ್ರಯೋಗಕ್ಕಾಗಿ ಕೆಡಿಸಲಾಯಿತು. ಆ ಬೆಲೆ ತೆತ್ತು ದೊರೆತ ತಿಳಿವನ್ನು ಅಲಕ್ಷಿಸದಿರುವುದಾದರೂ ನಮ್ಮ ಕರ್ತವ್ಯ.

ಹಾಲುಹಲ್ಲಿನ ಬಗ್ಗೆ ಉದಾಸೀನ

"ಹಾಲುಹಲ್ಲಲ್ಲವೇ, ಹೇಗೂ ಬಿದ್ದುಹೋಗುತ್ತದೆ" ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳುತ್ತೇವೆ. ಈ ಮಾತು ಎರಡು ಕಾರಣಗಳಿಂದ ತಪ್ಪು.

ಮೊದಲನೆಯದಾಗಿ, ಸುಮಾರು ಆರನೆಯ ತಿಂಗಳಿಗೆ ಹುಟ್ಟತೊಡಗಿ ಮೂರು ವರ್ಷದೊಳಗೆ ಪೂರ್ಣವಾಗುವ ೨೦ ಹಾಲುಹಲ್ಲುಗಳಲ್ಲಿ ಹಿಂದಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕಾದವು. ಅಲ್ಲಿಯವರೆಗೆ ಮಗು ಅಗಿಯುವುದು ಅವುಗಳಿಂದಲೇ. ಕೆಳಗಿರುವ ಶಾಶ್ವತ ಹಲ್ಲುಗಳಿಗೆ ಜಾಗವನ್ನು ಕಾಯ್ದಿರಿಸುವುದೂ ಅವೇ. ಅವು ಹುಳುಕಾಗಿ ಕೀವುಗಟ್ಟಿದರೆ ಮಗುವಿಗೆ ನಿದ್ದೆಯಿಲ್ಲ, ಊಟವಿಲ್ಲ, ಶಾಲೆಯಲ್ಲಿ ಗಮನವಿಲ್ಲ.

ಎರಡನೆಯದಾಗಿ, ಸುಮಾರು ಆರನೆಯ ವಯಸ್ಸಿನಲ್ಲಿ ಯಾವ ಹಾಲುಹಲ್ಲೂ ಬೀಳದೆಯೇ, ಕೊನೆಯ ಹಾಲುಹಲ್ಲಿನ ಹಿಂದೆ ಮೊದಲನೆಯ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಬಹುಮಂದಿ ತಂದೆತಾಯಿಗಳು ಇದನ್ನೂ ಹಾಲುಹಲ್ಲೆಂದೇ ಬಗೆದು ಕೆಡಲು ಬಿಡುತ್ತಾರೆ. ಆಳವಾದ ಗೆರೆಗಳುಳ್ಳ ಈ ಹಲ್ಲಿಗೆ ಹುಳುಕು ಬಹುಬೇಗ ಹಿಡಿಯುತ್ತದೆ. ಇದು ಹೋದರೆ ಮತ್ತೊಂದು ಬರುವುದಿಲ್ಲ. ಈ ಲೇಖನದಿಂದ ವಾಚಕರು ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಲಿ.

ಅಪಾಯವನ್ನು ಅಳೆಯುವುದೆಂದರೇನು?

ಮಳೆ ಬಂದ ಮೇಲೆ ಮಾಳಿಗೆಗೆ ಮಣ್ಣು ಹಾಕುವುದು ಜಾಣತನವಲ್ಲ. ನೋವು ಬಂದ ಮೇಲೆ ವೈದ್ಯನಲ್ಲಿಗೆ ಓಡುವುದೂ ಹಾಗೆಯೇ. ಆದುದರಿಂದ ಈಚಿನ ದಶಕಗಳಲ್ಲಿ ದಂತವೈದ್ಯರು ತೂತನ್ನು ತುಂಬುವುದಕ್ಕೆ ಮುಂಚೆ ತೂತು ಬೀಳುವ ಸಂಭವವನ್ನು ಅಳೆಯುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಅಮೆರಿಕದ ಮಕ್ಕಳ ದಂತವೈದ್ಯರ ಸಂಘವು ೨೦೦೨ರಲ್ಲಿ ಇದಕ್ಕೊಂದು ಪ್ರಶ್ನಾವಳಿಯನ್ನು ರಚಿಸಿತು. ಆ ಬಳಿಕ ಇಂಥ ಹಲವು ಪಟ್ಟಿಗಳು ಬಂದಿವೆ. ಎಲ್ಲವುಗಳ ತಿರುಳು ಒಂದೇ: ಮೂರು ಬಗೆಯ ಸಂಗತಿಗಳನ್ನು ವಿಚಾರಿಸಿ ಮಗುವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಅಪಾಯವರ್ಗಗಳಲ್ಲಿ ಒಂದಕ್ಕೆ ಸೇರಿಸುವುದು.

ಒಂದು, ರೋಗದ ಕುರುಹುಗಳು. ಈಗಾಗಲೇ ತೂತು ಬಿದ್ದಿದೆಯೇ? ಈಚೆಗೆ ಹಲ್ಲು ತುಂಬಿಸಿದ್ದುಂಟೇ? ಮೇಲಿನ ತುಟಿಯನ್ನೆತ್ತಿ ನೋಡಿದಾಗ ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿಯ ಗೆರೆ ಕಾಣುತ್ತದೆಯೇ? ಈ ಬಿಳಿಗೆರೆಯೇ ಹುಳುಕಿನ ಮೊದಲ ಹೆಜ್ಜೆ. ಇಲ್ಲಿಂದ ಹಲ್ಲು ಇನ್ನೂ ಹಿಂದಿರುಗಬಲ್ಲುದು. ತೂತು ಬಿದ್ದ ಮೇಲೆ ತಾನಾಗಿ ಮುಚ್ಚಿಕೊಳ್ಳಲಾರದು. ಹಿಂದೆ ಹುಳುಕು ಆದ ಮಗುವಿಗೆ ಮುಂದೆಯೂ ಆಗುವ ಸಂಭವ ಹೆಚ್ಚೆಂಬುದು ಅನುಭವಸಿದ್ಧ.

ಎರಡು, ಅಪಾಯದ ಕಾರಣಗಳು. ಊಟದ ನಡುವೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಸಿಹಿ ತಿಂಡಿ, ಸಿಹಿ ಪಾನೀಯ, ಬಿಸ್ಕೀಟು ಬಾಯಿಗೆ ಬೀಳುತ್ತದೆಯೇ? ಸಕ್ಕರೆ ಬೆರೆಸಿದ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟುಕೊಂಡೇ ಮಗು ಮಲಗುತ್ತದೆಯೇ? ಹಲ್ಲಿನ ಮೇಲೆ ಲೋಳೆ ಕಟ್ಟಿದೆಯೇ? ತಾಯಿಗೆ ಅಥವಾ ಮಗುವನ್ನು ನೋಡಿಕೊಳ್ಳುವವರಿಗೆ ಹುಳುಕು ಹಲ್ಲುಗಳಿವೆಯೇ? ಈ ಕೊನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ಹುಳುಕು ತರುವ ಸೂಕ್ಷ್ಮಜೀವಿ ಕೂಸಿನ ಬಾಯಿಗೆ ಬರುವುದು ಹೆಚ್ಚಾಗಿ ತಾಯಿಯ ಜೊಲ್ಲಿನಿಂದ. ತುತ್ತನ್ನು ತಾನು ಕಚ್ಚಿ ಕೂಸಿಗೆ ಉಣಿಸುವುದರಿಂದ, ಒಂದೇ ಚಮಚವನ್ನು ಇಬ್ಬರೂ ಬಳಸುವುದರಿಂದ. ಆದ್ದರಿಂದ ಮಗುವಿನ ಹಲ್ಲಿನ ಆರೈಕೆ ತಾಯಿಯ ಬಾಯಿಂದ ಆರಂಭವಾಗಬೇಕು.

ಮೂರು, ಕಾಪಾಡುವ ಸಂಗತಿಗಳು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜುವುದುಂಟೇ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ತಕ್ಕಷ್ಟಿದೆಯೇ? ದಂತವೈದ್ಯರ ತಪಾಸಣೆ ಆಗಾಗ ಆಗುತ್ತಿದೆಯೇ?

ಮೂರು ಊರು, ಮೂವರು ಮಕ್ಕಳು

ಈ ತಕ್ಕಡಿಯನ್ನು ಬಳಸುವ ಬಗೆ ತಿಳಿಯಲು ಮೂವರು ಮಕ್ಕಳನ್ನು ಊಹಿಸಿಕೊಳ್ಳೋಣ.

ಹಾವೇರಿಯಲ್ಲಿ ತಂದೆತಾಯಿಗಳಿಬ್ಬರೂ ನೌಕರಿಯಲ್ಲಿರುವ ಅನುಕೂಲಸ್ಥ ಮನೆ. ನಾಲ್ಕು ವರ್ಷದ ಹುಡುಗ. ಉಡುಪು, ಪುಸ್ತಕ, ಆಟಿಕೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ರಾತ್ರಿ ಸಿಹಿಹಾಲಿನ ಸೀಸೆಯಿಲ್ಲದೆ ಅವನಿಗೆ ನಿದ್ದೆ ಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆ ಒಸರುವುದರಿಂದ ಆ ಹಾಲು ರಾತ್ರಿಯೆಲ್ಲ ಮುಂದಿನ ಹಲ್ಲುಗಳ ಮೇಲೆ ನಿಲ್ಲುತ್ತದೆ. ತೂತು ಒಂದೂ ಇಲ್ಲ, ನೋವೂ ಇಲ್ಲ. ವಸಡಿನ ಅಂಚಿನಲ್ಲಿ ಬಿಳಿಗೆರೆ ಮಾತ್ರ ಇದೆ. ಈತನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿದವನು.

ರಾಣೆಬೆನ್ನೂರಿನಲ್ಲಿ ಕಿರಾಣಿ ಅಂಗಡಿಯವರ ಏಳು ವರ್ಷದ ಮಗಳು. ಬೆಳಿಗ್ಗೆ ಫ್ಲೋರೈಡ್ ಪೇಸ್ಟಿನಿಂದ ತಪ್ಪದೆ ಹಲ್ಲುಜ್ಜುತ್ತಾಳೆ, ರಾತ್ರಿ ಉಜ್ಜುವುದಿಲ್ಲ. ಅಂಗಡಿಯ ಗಾಜಿನ ಬರಣಿಗಳು ಕೈಗೆಟುಕುವಲ್ಲಿಯೇ ಇರುವುದರಿಂದ ಆಗಾಗ ಒಂದು ಮಿಠಾಯಿ ಬಾಯಿಗೆ ಬೀಳುತ್ತದೆ. ಬಿಳಿಗೆರೆಯಿಲ್ಲ. ಹೊಸದಾಗಿ ಹುಟ್ಟಿದ ದವಡೆ ಹಲ್ಲಿನ ಗೆರೆಗಳು ಆಳವಾಗಿವೆ. ಇವಳನ್ನು ಮಧ್ಯಮ ವರ್ಗದಲ್ಲಿಡಬಹುದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ತಾಯಿಯ ಆರು ವರ್ಷದ ಮಗ. ಅವನ ಊಟ ರೊಟ್ಟಿ, ಪಲ್ಯ, ಮಜ್ಜಿಗೆ. ಸಿಹಿ ತಿಂಡಿ ಬರುವುದು ಸಂತೆಯ ದಿನ ಮಾತ್ರ. ಅಂಗನವಾಡಿಯಲ್ಲಿ ಕಲಿತ ರೂಢಿಯಿಂದ ಬೆಳಿಗ್ಗೆ, ರಾತ್ರಿ ಹಲ್ಲುಜ್ಜುತ್ತಾನೆ. ಕುರುಹು ಒಂದೂ ಇಲ್ಲ. ಈತನ ಅಪಾಯ ಇಂದಿಗೆ ಕಡಿಮೆ. ಆದರೆ ಆ ತಾಯಿಗೆ ಮಗನ ಹಲ್ಲಿಗಾಗಿ ಒಂದು ದಿನ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅನುಕೂಲಸ್ಥರಿಗೆ ಹುಳುಕು ಒಂದು ಖರ್ಚು. ಬಡವರಿಗೆ ಅದು ಕಿತ್ತುಹಾಕಿದ ಹಲ್ಲು. ಆದುದರಿಂದ ಅಪಾಯವು ಕಡಿಮೆಯಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಅಗತ್ಯ ಈತನಿಗೆ ಎಲ್ಲರಿಗಿಂತ ಹೆಚ್ಚು.

ಮನೆಯ ಹಣಕಾಸನ್ನು ನೋಡಿ ಮಗುವಿನ ಬಾಯನ್ನು ಊಹಿಸಬಾರದೆಂಬುದು ಈ ಮೂರು ಉದಾಹರಣೆಗಳಿಂದ ಸ್ಪಷ್ಟವಾಗುತ್ತದೆ. ವಿಚಾರಿಸಿಯೇ ತಿಳಿಯಬೇಕು, ವರ್ಷಕ್ಕೊಮ್ಮೆಯಾದರೂ ಮತ್ತೆ ವಿಚಾರಿಸಬೇಕು. ಏಕೆಂದರೆ ಮಗುವಿನ ರೂಢಿ ಬದಲಾದಂತೆ ವರ್ಗವೂ ಬದಲಾಗುತ್ತದೆ.

ಫ್ಲೋರೈಡ್: ಅತಿಯೂ ಬೇಡ, ಇಲ್ಲದಿರುವುದೂ ಬೇಡ

ಫ್ಲೋರೈಡಿನ ವಿಷಯದಲ್ಲಿ ನಮ್ಮ ಜನರಲ್ಲಿ ಗೊಂದಲವಿದೆ. ಅದಕ್ಕೆ ಕಾರಣವೂ ಇದೆ. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯನು ಅಲ್ಲಿನ ಜನರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡನು. ಆ ಹಲ್ಲುಗಳಿಗೆ ಹುಳುಕು ಕಡಿಮೆಯೆಂಬುದನ್ನೂ ಗಮನಿಸಿದನು. ಮೂವತ್ತು ವರ್ಷಗಳ ತರುವಾಯ, ೧೯೩೧ರಲ್ಲಿ, ಅದಕ್ಕೆ ಕಾರಣ ನೀರಿನ ಫ್ಲೋರೈಡೆಂದು ತಿಳಿದುಬಂದಿತು. ೧೯೪೫ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಮೊತ್ತಮೊದಲು ಮಿತವಾಗಿ ಫ್ಲೋರೈಡ್ ಬೆರೆಸಲಾಯಿತು. ಅಲ್ಲಿಯ ಮಕ್ಕಳ ದಂತಕ್ಷಯ ಗಣನೀಯವಾಗಿ ಇಳಿಯಿತು.

ನಮ್ಮ ನಾಡಿನ ಪರಿಸ್ಥಿತಿ ಬೇರೆ. ಕರ್ನಾಟಕದ ಒಳನಾಡಿನ ಅನೇಕ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ತಾನಾಗಿಯೇ ಮಿತಿಮೀರಿದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ತಾಲೂಕು ಇದಕ್ಕೆ ಪ್ರಸಿದ್ಧ ಉದಾಹರಣೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದರೆ ಹಲ್ಲಿಗೆ ಶಾಶ್ವತವಾದ ಕಲೆ ಬರುತ್ತದೆ. ಬಹುಕಾಲ ಕುಡಿದರೆ ಎಲುಬಿಗೂ ಹಾನಿ ತಟ್ಟುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮ್ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರಿಲ್ಲದಿದ್ದಾಗ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದು. ತುಂಗಭದ್ರೆಯಂಥ ನದಿಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಕೊಳವೆಬಾವಿಗಳಲ್ಲಿ ಊರಿಂದೂರಿಗೆ, ಒಂದೇ ಊರಿನಲ್ಲಿ ಬಾವಿಯಿಂದ ಬಾವಿಗೆ ವ್ಯತ್ಯಾಸ. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಸೋಸಿ ಬಂದ ನೀರಿನಿಂದ ಫ್ಲೋರೈಡ್ ಬಹುಪಾಲು ಹೊರಟುಹೋಗಿರುತ್ತದೆ. ಹೀಗಾಗಿ ಒಂದೇ ಓಣಿಯಲ್ಲಿ ಒಂದು ಮನೆಯ ಮಗುವಿಗೆ ಅತಿಯಾಗಿಯೂ, ಇನ್ನೊಂದು ಮನೆಯ ಮಗುವಿಗೆ ಏನೂ ಇಲ್ಲದೆಯೂ ಆಗಬಹುದು. ನೀರನ್ನು ಪರೀಕ್ಷಿಸಿಯೇ ಮಾತನಾಡುವುದು ಯುಕ್ತ.

ಪೇಸ್ಟಿನ ಫ್ಲೋರೈಡು ನುಂಗುವುದಕ್ಕಲ್ಲ, ಹಲ್ಲಿನ ಮೇಲ್ಮೈಗೆ ಸೋಂಕಿಸುವುದಕ್ಕೆ. ಅದರ ಮುಖ್ಯ ಕೆಲಸ ಕರಗಿದ ಲವಣ ಮತ್ತೆ ಹಲ್ಲಿಗೆ ಸೇರುವಂತೆ ಮಾಡುವುದು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ ದಶಲಕ್ಷಕ್ಕೆ ೧೦೦೦ ಭಾಗವನ್ನು ಮೀರಬಾರದು. ಪ್ರಮಾಣವನ್ನು ಕೊಳವೆಯ ಮೇಲೆಯೂ ಪೆಟ್ಟಿಗೆಯ ಮೇಲೆಯೂ ಅಚ್ಚುಹಾಕಿರಬೇಕು. ಕೊಳ್ಳುವಾಗ ಬಣ್ಣವನ್ನಲ್ಲ, ಆ ಅಕ್ಷರಗಳನ್ನು ನೋಡಬೇಕು.

ತಡೆಯುವ ಉಪಾಯಗಳು

ಮೊದಲ ಹಲ್ಲು ಹುಟ್ಟಿದ ದಿನದಿಂದಲೇ ಉಜ್ಜುವುದನ್ನು ಆರಂಭಿಸಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನುದ್ದಕ್ಕೂ ಹಾಕುವ ಅಗತ್ಯವಿಲ್ಲ. ಏಳೆಂಟು ವರ್ಷದವರೆಗೆ ಹಿರಿಯರೊಬ್ಬರು ಜೊತೆಗಿದ್ದು ಉಜ್ಜಿಸಬೇಕು. ದಿನಕ್ಕೆರಡು ಸಲ ಉಜ್ಜಬೇಕು. ಮಲಗುವ ಮುಂಚಿನದಂತೂ ತಪ್ಪಲೇಬಾರದು. ಉಜ್ಜಿದ ಮೇಲೆ ಪೇಸ್ಟನ್ನು ಉಗುಳಿಸಬೇಕು. ಮತ್ತೆ ಮತ್ತೆ ಮುಕ್ಕಳಿಸಿ ಫ್ಲೋರೈಡನ್ನೆಲ್ಲ ತೊಳೆದುಕೊಳ್ಳಬಾರದು.

ಬೇವಿನ ಕಡ್ಡಿ ನಮ್ಮ ಹಿರಿಯರ ಸಾಧನ. ಅದರಿಂದ ಲೋಳೆ ಹೋಗುತ್ತದೆ, ಆದರೆ ಫ್ಲೋರೈಡ್ ಸಿಗುವುದಿಲ್ಲ. ಇದ್ದಲಿ, ಇಟ್ಟಿಗೆಪುಡಿಗಳು ಎನಾಮಲನ್ನೇ ಸವೆಸುತ್ತವೆ. ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಸರಕಾರವು ೧೯೯೨ರಲ್ಲಿಯೇ ನಿಷೇಧಿಸಿದೆ. ಮಕ್ಕಳ ಕೈಗೆ ಅಂಥದು ಎಂದಿಗೂ ಬರಬಾರದು. ನೋಯುವ ಹಲ್ಲಿಗೆ ಲವಂಗದೆಣ್ಣೆ ಹಚ್ಚಿದರೆ ನೋವು ತಾತ್ಕಾಲಿಕವಾಗಿ ಶಮನವಾದೀತು. ಹುಳುಕು ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಸಿಹಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಕೊಟ್ಟ ಸಲಹೆಯೆಂದರೆ, ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಐದರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ೧೫೦೦ ಕ್ಯಾಲೊರಿ ಬೇಕಾಗುವ ಮಗುವಿಗೆ ನೂರಕ್ಕೆ ಐದೆಂದರೆ ಸುಮಾರು ೧೯ ಗ್ರಾಮ್, ಅಂದರೆ ನಾಲ್ಕು ಚಹಾ ಚಮಚ. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ. ಸ್ವೀಡನ್ನಿನಲ್ಲಿ ವಿಪೆಹೋಲ್ಮ್ ಸಂಶೋಧನೆಯ ನಂತರ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಎಂಬ ರೂಢಿ ಬೆಳೆಯಿತು. ನಮಗೆ ಇದು ಹೊಸತೇನಲ್ಲ. ಸಂತೆಯಿಂದ ಬರುವಾಗ ತಂದೆ ಬೆಂಡು ಬತ್ತಾಸು ತರುತ್ತಿದ್ದುದು ವಾರಕ್ಕೊಂದೇ ಸಲ. ಆ ಹಳೆಯ ಪದ್ಧತಿಯನ್ನೇ ಮತ್ತೆ ಹಿಡಿದರೆ ಸಾಕು. ಉಳಿದ ದಿನಗಳಲ್ಲಿ ಹುರಿದ ಶೇಂಗಾ, ಸವತೆಕಾಯಿ, ಮಜ್ಜಿಗೆ, ಸಕ್ಕರೆ ಬೆರೆಸದ ಹಾಲು ಇವು ಹಲ್ಲಿಗೆ ಹಿತಕರ.

ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಉತ್ತಮ. ಹೆಚ್ಚು ಅಪಾಯದ ಮಕ್ಕಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಹಲ್ಲಿಗೆ ಫ್ಲೋರೈಡ್ ಲೇಪ ಹಚ್ಚಿಸಬಹುದು. ಹೊಸ ದವಡೆ ಹಲ್ಲಿನ ಗೆರೆಗಳನ್ನು ಮುಚ್ಚಿಸಬಹುದು. ತೂತು ಬಿದ್ದಿದ್ದರೂ ಎಲ್ಲಕ್ಕೂ ಯಂತ್ರದಿಂದ ಕೊರೆಯಬೇಕೆಂದಿಲ್ಲ. ಬೆಳ್ಳಿ ಮತ್ತು ಫ್ಲೋರೈಡುಗಳು ಕೂಡಿದ ಒಂದು ದ್ರವವನ್ನು ಹಚ್ಚಿದರೆ ಹುಳುಕು ಅಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ಕೆಟ್ಟ ಭಾಗ ಕಪ್ಪಾಗುವುದೊಂದೇ ಅದರ ದೋಷ. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ದ್ರವವನ್ನೂ ಫ್ಲೋರೈಡ್ ಪೇಸ್ಟನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸ

ನಾವು ವೈದ್ಯರಲ್ಲ, ಕಲಾ ವಿಭಾಗದ ವಿದ್ಯಾರ್ಥಿಗಳು. ಆದರೆ ನಮ್ಮಲ್ಲಿ ಅನೇಕರು ನಾಳೆ ಶಾಲಾ ಶಿಕ್ಷಕರಾಗುವವರು. ಬಹುಮಂದಿಯ ಮನೆಯಲ್ಲಿ ತಮ್ಮ ತಂಗಿಯರು, ಅಕ್ಕ ಅಣ್ಣಂದಿರ ಮಕ್ಕಳು ಇದ್ದಾರೆ. ಮಗುವಿನ ಮೇಲ್ದುಟಿಯನ್ನೆತ್ತಿ ಬಿಳಿಗೆರೆ ಇದೆಯೇ ಎಂದು ನೋಡಲು ಪದವಿ ಬೇಕಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹಳ್ಳಿಗೆ ಹೋದಾಗ, ತಂದೆತಾಯಿಗಳ ಒಪ್ಪಿಗೆ ಪಡೆದು, ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳಬಹುದು. ರೋಗನಿರ್ಣಯ ಮಾಡುವುದು ನಮ್ಮ ಕೆಲಸವಲ್ಲ. ತೋರಿಸಬೇಕಾದ ಮಗುವನ್ನು ತೋರಿಸುವಂತೆ ಹೇಳುವುದು ನಮ್ಮಿಂದಾಗುವ ಕೆಲಸ.

ತೋರಿಸುವುದಕ್ಕೆ ದಾರಿಗಳೂ ಇವೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆಗೆ ಸೇರಿದ ಕಾಯಿಲೆಗಳಲ್ಲಿ ದಂತಕ್ಷಯವೂ ಒಂದು. ಅದರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗಳಿಗೆ ಒಂದು ಸಲ ಭೇಟಿ ಕೊಡಬೇಕೆಂಬ ನಿಯಮವಿದೆ. ಆ ದಿನ ಮಗು ಶಾಲೆಗೆ ತಪ್ಪದಂತೆ ನೋಡಿಕೊಂಡರೆ ಬ್ಯಾಡಗಿಯ ಆ ತಾಯಿಯ ಕೂಲಿ ಉಳಿಯುತ್ತದೆ. ದೊಡ್ಡ ಚಿಕಿತ್ಸೆ ಬೇಕಾದವರಿಗೆ ಉತ್ತರದಲ್ಲಿ ಧಾರವಾಡ, ದಕ್ಷಿಣದಲ್ಲಿ ದಾವಣಗೆರೆ. ಎರಡು ಊರುಗಳಲ್ಲಿಯೂ ದಂತವೈದ್ಯಕೀಯ ಕಾಲೇಜುಗಳಿವೆ.

ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕೃತಕ ದಂತಪಂಕ್ತಿ ಕೊಡುವ ದಂತಭಾಗ್ಯವೆಂಬ ಯೋಜನೆಯನ್ನು ನಮ್ಮ ರಾಜ್ಯವು ಜಾರಿಗೆ ತಂದಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಇಂದು ಒಂದನೆಯ ಇಯತ್ತೆಯಲ್ಲಿರುವ ಮಕ್ಕಳಿಗೆ ಮುಂದೆ ಅಂಥ ಯೋಜನೆಯ ಅಗತ್ಯವೇ ಬೀಳದಂತೆ ಮಾಡುವುದು ಇನ್ನೂ ಮೇಲಾದುದು. ಅದಕ್ಕೆ ಬೇಕಾದುದು ರಾತ್ರಿ ಬಟಾಣಿಕಾಳಿನಷ್ಟು ಪೇಸ್ಟು, ವಾರಕ್ಕೊಂದು ದಿನದ ಸಿಹಿ, ಆರು ತುಂಬಿದ ಮಗುವಿನ ಹಿಂದಿನ ಹಲ್ಲಿನ ಮೇಲೊಂದು ಕಣ್ಣು. ಬರುವ ರಜೆಯಲ್ಲಿ ಊರಿಗೆ ಹೋದಾಗ ಮಿತ್ರರೆಲ್ಲರೂ ತಮ್ಮ ಮನೆಯಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ವಿನಂತಿ.